ಮನೆಯ ಮೇಲೊಂದು ಡೈಪೋಲ್ ತಂತಿ



ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1965ರಲ್ಲಿ. ಮಲೆನಾಡಿನ ಅದೆಷ್ಟೋ ಮನೆಗಳಿಗೆ ಬೆಳಗಿನ ಕಾಫಿಯೂ ಆ ಕೇಂದ್ರದ ದನಿಯೂ ಒಟ್ಟಿಗೇ ಬರುತ್ತಿದ್ದ ಕಾಲವೊಂದಿತ್ತು. ಮಧ್ಯಮ ತರಂಗದಲ್ಲಿ ಅದರ ವಿಳಾಸ 675 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಬರುತ್ತದೆ ಎಂದು ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ್ದೀರಿ. ಒಮ್ಮೆ ಭಾಗಿಸಿ ನೋಡಿ: ಸುಮಾರು 444 ಮೀಟರ್. ಇದರ ಅರ್ಧ ಉದ್ದದ ತಂತಿಯನ್ನು ಎರಡು ಕಂಬಗಳ ನಡುವೆ ಕಟ್ಟಬೇಕೆಂದರೆ 222 ಮೀಟರ್ ಬೇಕು. ಅದನ್ನು ಸಾಕಷ್ಟು ಎತ್ತರದಲ್ಲಿ ನಿಲ್ಲಿಸುವುದಂತೂ ದುಸ್ಸಾಹಸ. ಆದ್ದರಿಂದಲೇ ಮಧ್ಯಮ ತರಂಗದ ಕೇಂದ್ರಗಳಲ್ಲಿ ಸಾಮಾನ್ಯವಾಗಿ ತಂತಿ ಕಟ್ಟುವುದಿಲ್ಲ. ನೆಟ್ಟಗೆ ನಿಲ್ಲಿಸಿದ ಉಕ್ಕಿನ ಗೋಪುರವೇ ಆಂಟೆನಾ ಆಗಿರುತ್ತದೆ.

ಈಗ ಇದೇ ಲೆಕ್ಕವನ್ನು 7.1 ಮೆಗಾಹರ್ಟ್ಸ್‌ಗೆ ಮಾಡಿ. ತರಂಗದೂರ 42 ಮೀಟರ್, ಅದರ ಅರ್ಧ 21 ಮೀಟರ್. ಅಂದರೆ ದೊಡ್ಡ ಕುಟುಂಬವೊಂದು ಬಟ್ಟೆ ಒಣಹಾಕಲು ಅಂಗಳದಲ್ಲಿ ಕಟ್ಟುವ ತಂತಿಗಿಂತ ಅಷ್ಟೇನೂ ಉದ್ದವಲ್ಲ. ಇಷ್ಟು ತಂತಿಯಿಂದ ಶಿವಮೊಗ್ಗದ ವಿನೋಬನಗರದಲ್ಲೋ ಭದ್ರಾವತಿಯ ಜನ್ನಾಪುರದಲ್ಲೋ ಕುಳಿತು ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್‌ಗಳ ಜೊತೆ ಮಾತನಾಡಬಹುದು. ಮಧ್ಯೆ ಮೊಬೈಲ್ ಗೋಪುರವಿಲ್ಲ, ಉಪಗ್ರಹವಿಲ್ಲ, ತಿಂಗಳ ಬಿಲ್ಲೂ ಇಲ್ಲ. ಹವ್ಯಾಸಿ ಬಾನುಲಿ, ಅಂದರೆ ಹ್ಯಾಮ್ ರೇಡಿಯೋ, ಎನ್ನುವುದು ಇದನ್ನೇ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಈ ಹವ್ಯಾಸದವರು. ಅವರ ಕರೆಗುರುತು ವಿಯು2ಆರ್‌ಜಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಂತಿ ಕಟ್ಟುವುದು ನಿಮ್ಮ ಕೈಯಲ್ಲಿದೆ, ಆದರೆ ಅದರಿಂದ ಪ್ರಸಾರ ಮಾಡಲು ಲೈಸೆನ್ಸ್ ಕಡ್ಡಾಯ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗ ಅದನ್ನು ನಡೆಸುತ್ತದೆ. ಸ್ವಲ್ಪ ವಿದ್ಯುತ್ತು, ಸ್ವಲ್ಪ ಎಲೆಕ್ಟ್ರಾನಿಕ್ಸ್, ಒಂದಿಷ್ಟು ಕಾನೂನು ಮತ್ತು ಮಾತನಾಡುವ ಶಿಸ್ತು ಇವೇ ಅದರ ವಿಷಯಗಳು. ಪಿಯುಸಿ ವಿಜ್ಞಾನದ ವಿದ್ಯಾರ್ಥಿಗೆ ಇದು ಭಾರವಾಗುವಂಥದ್ದಲ್ಲ. ಲೈಸೆನ್ಸ್ ಬರುವ ತನಕ ಸುಮ್ಮನೆ ಕೂರಬೇಕಾಗಿಲ್ಲ. ಇದೇ ತಂತಿಯನ್ನು ಮನೆಯ ಶಾರ್ಟ್‌ವೇವ್ ರೇಡಿಯೋಗೆ ಜೋಡಿಸಿದರೆ, ಪಕ್ಕದಲ್ಲೇ ಇರುವ 41 ಮೀಟರ್ ಪ್ರಸಾರ ಪಟ್ಟಿಯ ದೂರದೇಶದ ಕೇಂದ್ರಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಕಿವಿ ಪಳಗುವುದು ಅಲ್ಲಿಂದಲೇ.

ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಏಕೆ ಎಂದು ನೀವು ಕೇಳಬಹುದು. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಅಂಡಮಾನ್ ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿದಾಗ ಮಾಮೂಲಿ ಸಂಪರ್ಕ ಕಡಿದುಹೋಯಿತು. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡವೊಂದು ಭಾರತಿ ಪ್ರಸಾದ್ ಅವರ ಮುಂದಾಳ್ತನದಲ್ಲಿ ಆ ವೇಳೆಗೆ ಪೋರ್ಟ್ ಬ್ಲೇರ್‌ನಲ್ಲಿತ್ತು. ಅವರು ಹೋಗಿದ್ದುದು ಹವ್ಯಾಸಕ್ಕಾಗಿ, ಜಗತ್ತಿನ ಹವ್ಯಾಸಿಗಳೊಡನೆ ಆ ದ್ವೀಪದಿಂದ ಮಾತನಾಡಲಿಕ್ಕಾಗಿ. ಅದೇ ಉಪಕರಣಗಳು ಮುಂದಿನ ದಿನಗಳಲ್ಲಿ ಬದುಕುಳಿದವರ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದವು. ನಮ್ಮಲ್ಲೂ 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ನಗರದ ತಗ್ಗು ಬಡಾವಣೆಗಳೊಳಗೆ ನೀರು ನುಗ್ಗಿದ್ದನ್ನು ನೀವೇ ಕಂಡಿರಬಹುದು. ಎರಡು ದಿನ ಕರೆಂಟ್ ಇಲ್ಲದಿದ್ದರೆ ಕೈಯಲ್ಲಿರುವ ಮೊಬೈಲ್ ಏನಾಗುತ್ತದೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾರಿನ ಬ್ಯಾಟರಿಯೊಂದು, ಪುಟ್ಟ ಟ್ರಾನ್ಸೀವರ್ ಒಂದು, ಮೇಲೊಂದು ತಂತಿ: ಇಷ್ಟಿದ್ದರೆ ಹ್ಯಾಮ್ ನಿಲಯ ನಡೆಯುತ್ತದೆ.

ಇನ್ನು ತಂತಿಯ ವಿಷಯಕ್ಕೆ ಬರೋಣ. ಡೈಪೋಲ್ ಎಂದರೆ ಎರಡು ಧ್ರುವ. ನಡುವೆ ಕತ್ತರಿಸಿದ ಒಂದು ತಂತಿ. ಕತ್ತರಿಸಿದ ಜಾಗಕ್ಕೆ ರೇಡಿಯೋದಿಂದ ಬಂದ ಕೇಬಲ್ಲಿನ ಎರಡು ಎಳೆಗಳ ಜೋಡಣೆ. ಹೈನ್ರಿಖ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ಕಾರ್ಲ್ಸ್‌ರೂಹೆಯ ಪ್ರಯೋಗಾಲಯದಲ್ಲಿ ವಿದ್ಯುತ್ಕಾಂತೀಯ ಅಲೆಗಳು ಇವೆಯೆಂದು ತೋರಿಸಿಕೊಟ್ಟಾಗ ಬಳಸಿದ್ದು ಇದರ ಪೂರ್ವಜನನ್ನೇ. ಅರ್ಧ ತರಂಗದೂರವೇ ಏಕೆ ಬೇಕು? ಕೊಳಲಿನ ಉದ್ದಕ್ಕೂ ಸ್ವರಕ್ಕೂ ಇರುವ ನಂಟನ್ನು ನೆನೆಯಿರಿ. ಸರಿಯಾದ ಉದ್ದದ ತಂತಿಯಲ್ಲಿ ವಿದ್ಯುತ್ತು ತುದಿಯಿಂದ ತುದಿಗೆ ಓಲಾಡುತ್ತ ಅನುರಣನಗೊಳ್ಳುತ್ತದೆ. ಪ್ರವಾಹ ನಡುವಿನಲ್ಲಿ ಹೆಚ್ಚು, ತುದಿಗಳಲ್ಲಿ ಸೊನ್ನೆ. ವೋಲ್ಟೇಜ್ ಇದಕ್ಕೆ ತದ್ವಿರುದ್ಧ, ತುದಿಗಳಲ್ಲೇ ಅತಿ ಹೆಚ್ಚು. ಈ ಒಂದು ಸಂಗತಿಯನ್ನು ಮರೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಗಾಳಿಯಲ್ಲಿ ತೂಗುವ ನಿಜವಾದ ತಂತಿ ಪುಸ್ತಕದ ಲೆಕ್ಕಕ್ಕಿಂತ ಶೇಕಡಾ 5ರಷ್ಟು ಗಿಡ್ಡವಾಗಿರಬೇಕು. ತುದಿಯ ಇನ್ಸುಲೇಟರು, ಹತ್ತಿರದ ನೆಲ, ಗೋಡೆ ಇವೆಲ್ಲ ಅದನ್ನು ವಿದ್ಯುತ್ ದೃಷ್ಟಿಯಿಂದ ಉದ್ದ ಮಾಡಿಬಿಡುತ್ತವೆ. ಹವ್ಯಾಸಿಗಳು ಬಳಸುವ ಸುಲಭ ಸೂತ್ರ ಹೀಗಿದೆ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಮೀಟರಿನಲ್ಲಿ ಒಟ್ಟು ಉದ್ದ ಸಿಗುತ್ತದೆ. 7.1ಕ್ಕೆ ಅದು ಸುಮಾರು 20.1 ಮೀಟರ್. ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ 66 ಅಡಿ. ಒಂದೊಂದು ಬದಿಗೆ 33 ಅಡಿ.

ಇಲ್ಲೇ ಪೇಟೆಯವರಿಗೆ ತೊಡಕು. ನಮ್ಮ ಬಡಾವಣೆಗಳಲ್ಲಿ ಮಾಮೂಲಿ ನಿವೇಶನ 30×40. ಪೈಥಾಗೊರಸನ ಪ್ರಮೇಯಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಬೇಕಿಲ್ಲ: ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ. ಬೇಕಾದದ್ದು 66. ತಂತಿ ಪಕ್ಕದ ಮನೆಯವರ ಕಾಂಪೌಂಡ್ ದಾಟುತ್ತದೆ. ನೆರೆಹೊರೆಯವರೊಡನೆ ಎಷ್ಟೇ ಸಲುಗೆ ಇರಲಿ, ಅವರ ಮಾಡಿನ ಮೇಲೆ ನಮ್ಮ ತಂತಿ ಹಾಯಿಸುವುದು ಒಳ್ಳೆಯದಲ್ಲ.

ಉಪಾಯವಿದೆ. ನಡುವಿನಲ್ಲಿ ಒಂದೇ ಎತ್ತರದ ಕಂಬ ನಿಲ್ಲಿಸಿ, ಎರಡು ಬದಿಯ ತಂತಿಗಳನ್ನು ಎದುರುಬದುರು ಮೂಲೆಗಳ ಕಡೆಗೆ ಇಳಿಜಾರಾಗಿ ಬಿಡಿ. ಹಂಚಿನ ಮನೆಯ ಮಾಡಿನ ಆಕಾರವೇ ಬರುತ್ತದೆ. ಇದನ್ನು ತಲೆಕೆಳಗಾದ ‘ವಿ’ ಎನ್ನುತ್ತಾರೆ. ಲೆಕ್ಕ ಮಾಡೋಣ. ನಡುವಿನಿಂದ ಮೂಲೆಗೆ ನೆಲದ ಮೇಲೆ 25 ಅಡಿ, ತಂತಿ 33 ಅಡಿ. 33ರ ವರ್ಗ 1089, 25ರ ವರ್ಗ 625, ವ್ಯತ್ಯಾಸ 464, ಅದರ ವರ್ಗಮೂಲ ಸುಮಾರು 21 ಅಡಿ 6 ಅಂಗುಲ. ಅಂದರೆ ತುದಿಗಳು ನಡುವಿಗಿಂತ ಅಷ್ಟು ಕೆಳಗೆ ಬರುತ್ತವೆ. ಒಂದಂತಸ್ತಿನ ತಾರಸಿ ನೆಲದಿಂದ 11 ಅಡಿ ಎಂದುಕೊಳ್ಳಿ. ಅದರ ಮೇಲೆ 25 ಅಡಿಯ ಬಿದಿರು ಗಳವೋ ಜಿಐ ಪೈಪೋ ನಿಂತರೆ ನೆತ್ತಿ 36 ಅಡಿಗೆ ಹೋಗುತ್ತದೆ, ತುದಿಗಳು ನೆಲದಿಂದ 14 ಅಡಿಯ ಮೇಲೆ ಉಳಿಯುತ್ತವೆ. ಎರಡು ತಂತಿಗಳ ನಡುವಿನ ಕೋನವೂ 90 ಡಿಗ್ರಿಗಿಂತ ಹೆಚ್ಚೇ ಇರುತ್ತದೆ. ಅದಕ್ಕಿಂತ ಕಡಿಮೆಯಾದರೆ ಒಂದು ಬದಿಯ ಕೆಲಸವನ್ನು ಇನ್ನೊಂದು ಬದಿ ಅಳಿಸತೊಡಗುತ್ತದೆ. ತುದಿಗಳಲ್ಲಿ ವೋಲ್ಟೇಜ್ ಹೆಚ್ಚು ಎಂದೆನಲ್ಲ, ಆದ್ದರಿಂದ ಅವು ಮಕ್ಕಳ ಕೈಗೂ ದನಕರುಗಳಿಗೂ ಎಟುಕಬಾರದು. 14 ಅಡಿ ಸಾಕು. ತೋಟದ ಮನೆಯವರಿಗೆ ಈ ಸರ್ಕಸ್ಸು ಬೇಕಿಲ್ಲ, ಎರಡು ತೆಂಗಿನ ಮರಗಳ ನಡುವೆ ನೇರವಾಗಿ ಎಳೆದುಬಿಡಬಹುದು.

ಎತ್ತರ ಇಷ್ಟೇ ಆದರೆ ದೂರ ಹೋದೀತೇ ಎಂಬ ಅನುಮಾನ ಬರಬಹುದು. ಮಲೆನಾಡಿನವರಿಗೆ ಇದರಲ್ಲಿ ಲಾಭವೇ ಇದೆ. ಶಿವಮೊಗ್ಗದಿಂದ ಮಂಗಳೂರಿಗೆ ಕಾಗೆ ಹಾರಿದಂತೆ ಅಳೆದರೆ 140 ಕಿಲೋಮೀಟರಿಗಿಂತ ಕಡಿಮೆ. ಆದರೆ ನಡುವೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟಿನ ಅಲೆ ಬೆಳಕಿನಂತೆ ನೇರವಾಗಿ ಸಾಗುವುದರಿಂದ ಶಿವಮೊಗ್ಗ ಭದ್ರಾವತಿಗಳ ನಡುವೆ ನಡೆದೀತು, ಘಟ್ಟ ದಾಟುವುದು ಕಷ್ಟ. 7 ಮೆಗಾಹರ್ಟ್ಸ್‌ನ ಡೈಪೋಲನ್ನು ತರಂಗದೂರದ ಕಾಲು ಭಾಗದಷ್ಟು ಎತ್ತರದಲ್ಲಿ, ಎಂದರೆ ಸುಮಾರು 10 ಮೀಟರಿನಲ್ಲಿ ಕಟ್ಟಿದಾಗ ಅದು ತನ್ನ ಶಕ್ತಿಯ ಬಹುಪಾಲನ್ನು ನೇರ ಮೇಲಕ್ಕೇ ಎಸೆಯುತ್ತದೆ. ಸುಮಾರು 300 ಕಿಲೋಮೀಟರ್ ಮೇಲಿರುವ ಅಯಾನುಗೋಳ ಅದನ್ನು ಕೆಳಕ್ಕೆ ತಿರುಗಿಸುತ್ತದೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಯನ್ನು ಆಕಾಶಕ್ಕೆ ಹಿಡಿದರೆ ನೀರು ಸುತ್ತಲೂ ಬೀಳುತ್ತದಲ್ಲ, ಹಾಗೆ. ಮಂಗಳೂರಿಗೆ ಹೋಗುವ ನಿಮ್ಮ ಮಾತು 600 ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಿ, ಸೆಕೆಂಡಿನ ಐನೂರರ ಒಂದು ಭಾಗದಲ್ಲಿ ತಲುಪುತ್ತದೆ. ಆಗುಂಬೆಯ ಘಾಟಿ ಅದರ ದಾರಿಯಲ್ಲೇ ಇಲ್ಲ!

ಇದು ಹಗಲಿನ ಮಾತು. ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ತೆಳುವಾಗುತ್ತ ಹೋಗಿ, ರಾತ್ರಿ ಕಳೆದಂತೆ ಹತ್ತಿರದ ಊರುಗಳು ಮರೆಯಾಗಿ ದೂರದ ಊರುಗಳು ಕೇಳತೊಡಗುತ್ತವೆ. ಬೆಳಗಿನ ಹೊತ್ತು ನಮ್ಮ ದೇಶದ ಹವ್ಯಾಸಿಗಳು 7 ಮೆಗಾಹರ್ಟ್ಸ್‌ನಲ್ಲಿ ಕಲೆಯುವುದಕ್ಕೆ ಇದೇ ಕಾರಣ. ಇಷ್ಟು ತಗ್ಗಿನ ಡೈಪೋಲ್ ಹೆಚ್ಚುಕಡಿಮೆ ಎಲ್ಲ ದಿಕ್ಕಿಗೂ ಕೆಲಸ ಮಾಡುವುದರಿಂದ ತಂತಿ ಯಾವ ದಿಕ್ಕಿಗಿರಬೇಕೆಂದು ತಲೆ ಕೆಡಿಸಿಕೊಳ್ಳಬೇಡಿ; ಜಾಗ ಎಲ್ಲಿದೆಯೋ ಅದೇ ದಿಕ್ಕು. ವಿದೇಶದ ಹುಚ್ಚು ಹಿಡಿದವರು ಮಾತ್ರ 14.2 ಮೆಗಾಹರ್ಟ್ಸ್‌ಗೆ ಒಟ್ಟು 33 ಅಡಿಯ ಇನ್ನೊಂದು ಡೈಪೋಲನ್ನು ಆದಷ್ಟು ಎತ್ತರದಲ್ಲಿ ಕಟ್ಟಲಿ. ಅದು 40 ಅಡಿಯ ನಿವೇಶನದಲ್ಲಿ ಆರಾಮವಾಗಿ ಹಿಡಿಸುತ್ತದೆ.

ಸಾಮಾನುಗಳಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಮನೆ ವೈರಿಂಗಿನ ಒಂದೂವರೆ ಅಥವಾ ಎರಡೂವರೆ ಚದರ ಮಿಲಿಮೀಟರಿನ ಹಲವು ಎಳೆಯ ತಾಮ್ರದ ವೈರು ಸಾಕು, ಮೇಲಿನ ಪಿವಿಸಿ ಹೊದಿಕೆ ತೆಗೆಯಬೇಕಾಗಿಲ್ಲ. ಹೊದಿಕೆಯಿದ್ದರೆ ತಂತಿ ಇನ್ನೂ ಶೇಕಡಾ 2–3ರಷ್ಟು ಗಿಡ್ಡವಾದರೆ ಸರಿ. ಆದರೆ ಮೊದಲೇ ಗಿಡ್ಡ ಮಾಡಬೇಡಿ. ಒಂದೊಂದು ಬದಿಗೆ 34 ಅಡಿ ಇಟ್ಟುಕೊಂಡು ಆಮೇಲೆ ಕತ್ತರಿಸಿ. ತುದಿಯ ಇನ್ಸುಲೇಟರಿಗೆ ವಿದ್ಯುತ್ ಕಂಬದ ಸ್ಟೇ ತಂತಿಯಲ್ಲಿ ಕಾಣುವ ಮೊಟ್ಟೆಯಾಕಾರದ ಪಿಂಗಾಣಿ ಒಳ್ಳೆಯದು. ಸಿಗದಿದ್ದರೆ ಒಂದು ಗೇಣು ಪಿವಿಸಿ ಪೈಪಿಗೆ ಎರಡು ತೂತು ಕೊರೆದರೂ ಆಯಿತು. ಹಗ್ಗ ಮಾತ್ರ ನಾರಿನದು ಬೇಡ, ನಮ್ಮ ಒಂದು ಮಳೆಗಾಲಕ್ಕೇ ಕೊಳೆಯುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಇರಲಿ.

ಕೇಬಲ್ಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮುಕ್ತ ಆಕಾಶದಲ್ಲಿ ಡೈಪೋಲಿನ ನಡುವಿನ ಪ್ರತಿಬಾಧೆ 73 ಓಮ್. ‘ವಿ’ ಆಕಾರದಲ್ಲಿ ಇಳಿಸಿದಾಗ ಅದು 50ರ ಹತ್ತಿರಕ್ಕೆ ಬರುತ್ತದೆ. ಹವ್ಯಾಸಿಗಳ ಆರ್‌ಜಿ-58, ಆರ್‌ಜಿ-213 ಕೇಬಲ್ಲುಗಳು 50 ಓಮಿನವು. ಮನೆಮನೆಯ ಟಿವಿಗೆ ಬರುವ ಆರ್‌ಜಿ-6 ಕೇಬಲ್ 75 ಓಮಿನದು. ಅದನ್ನೇ ಬಳಸಿದರೂ ದೊಡ್ಡ ನಷ್ಟವೇನಿಲ್ಲ. ಆದರೆ ಅದರ ಹೊರಗಿನ ಜಾಲರಿ ಬಹುಮಟ್ಟಿಗೆ ಅಲ್ಯೂಮಿನಿಯಂ ಆಗಿರುವುದರಿಂದ ಸೀಸದ ಬೆಸುಗೆ ಹಿಡಿಯುವುದಿಲ್ಲ, ಸ್ಕ್ರೂ ಹಾಕಿ ಬಿಗಿಯಬೇಕು. ಕೇಬಲ್ಲನ್ನು ಡೈಪೋಲಿಗೆ ಸೇರಿಸುವ ಮುನ್ನ ಅಲ್ಲೇ ಕೆಳಗೆ ಒಂದು ಅಗಲವಾದ ಡಬ್ಬಿಯ ಸುತ್ತಳತೆಗೆ ಹತ್ತು ಸುತ್ತು ಸುತ್ತಿ ಕಟ್ಟಿ. ಇದರಿಂದ ಕೇಬಲ್ಲಿನ ಹೊರಮೈ ತಾನೂ ಆಂಟೆನಾ ಆಗಿ ಮನೆಯ ಗದ್ದಲವನ್ನು ಹೊತ್ತು ತರುವುದು ಕಡಿಮೆಯಾಗುತ್ತದೆ.

ಮಲೆನಾಡಿನಲ್ಲಿ ಆಂಟೆನಾಗಳ ದೊಡ್ಡ ಶತ್ರು ಗಾಳಿಯಲ್ಲ, ನೀರು. ಕೇಬಲ್ಲಿನ ಬಿಚ್ಚಿದ ತುದಿಯ ಜಾಲರಿ ದೀಪದ ಬತ್ತಿ ಎಣ್ಣೆ ಹೀರುವಂತೆ ಮಳೆನೀರನ್ನು ಹೀರಿ ಹಲವು ಅಡಿ ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗಿನಿಂದ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಆಷಾಢದ ಹೊತ್ತಿಗೆ ರೇಡಿಯೋ ಮಾತ್ರ ಮೂಕವಾಗಿರುತ್ತದೆ. ಆದ್ದರಿಂದ ನಡುವಿನ ಜೋಡಣೆಯನ್ನು ಎಂ-ಸೀಲ್ ಹಾಕಿ ಮುಚ್ಚಿ, ಮೇಲೆ ಟೇಪು ಸುತ್ತಿ, ಸಾಧ್ಯವಾದರೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಕಿಟಕಿಯೊಳಗೆ ಬರುವಲ್ಲಿ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಜೋಲುಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ನೀರು ಆ ಜೋಲಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಗೋಡೆಗೆ ಇಳಿಯುವುದಿಲ್ಲ.

ಮರಕ್ಕೆ ಕಟ್ಟುವವರು ತುದಿಯ ಹಗ್ಗವನ್ನು ಮರಕ್ಕೇ ಬಿಗಿಯಬೇಡಿ. ಅಡಿಕೆ ಮರ ಗಾಳಿಗೆ ಎಷ್ಟು ಬಾಗುತ್ತದೆಂದು ನೋಡಿದ್ದೀರಿ. ಒಂದು ರಾಟೆ ಕಟ್ಟಿಸಿ, ಅದರ ಮೂಲಕ ಹಗ್ಗ ಹಾಯಿಸಿ, ಕೆಳತುದಿಗೆ ಮರಳು ತುಂಬಿದ ಕ್ಯಾನು ತೂಗಬಿಡಿ. ಮರ ಬಾಗಿದಂತೆ ಕ್ಯಾನು ಏರಿಳಿಯುತ್ತದೆ, ತಂತಿ ಹರಿಯುವುದಿಲ್ಲ. ಮರ ಹತ್ತುವ ಸಾಹಸ ನಿಮ್ಮದಾಗದಿರಲಿ. ಆ ಕೆಲಸಕ್ಕೆ ಕೊನೆ ತೆಗೆಯುವವರಿದ್ದಾರೆ, ಅವರನ್ನು ಕರೆಯಿರಿ.

ಇನ್ನು ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಅಡಿಕೆ ತೋಟಗಳಲ್ಲಿ ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗುಲಿ ಕೆಲಸಗಾರರು ಸತ್ತ ಸುದ್ದಿಗಳನ್ನು ನೀವು ಓದಿದ್ದೀರಿ. ಆಂಟೆನಾ ಕಂಬವೂ ಎತ್ತುವಾಗ ಅಂಥದೇ ಒಂದು ದೋಟಿ. ತಾರಸಿಯ ಪಕ್ಕದಲ್ಲಿ ಮೆಸ್ಕಾಂ ತಂತಿ ಹಾದುಹೋಗಿದ್ದರೆ ಮೊದಲು ಅಲ್ಲಿಗೆ ಇರುವ ದೂರವನ್ನು ಅಂದಾಜು ಮಾಡಿ. ಕಂಬ ಯಾವ ಕಡೆಗೆ ಬಿದ್ದರೂ, ಅದರ ಜೊತೆಗೆ ತಂತಿ ಹಾರಿ ಬಿದ್ದರೂ, ವಿದ್ಯುತ್ ತಂತಿಗೆ ಮುಟ್ಟಬಾರದು. ಕಂಬದ ಎತ್ತರದ ಒಂದೂವರೆ ಪಟ್ಟಾದರೂ ಅಂತರವಿರಲಿ, ಅಷ್ಟು ಇಲ್ಲದಿದ್ದರೆ ಆ ಜಾಗವನ್ನೇ ಬಿಟ್ಟುಬಿಡಿ. ವಿದ್ಯುತ್ ತಂತಿಯ ಮೇಲಿನಿಂದಾಗಲಿ ಕೆಳಗಿನಿಂದಾಗಲಿ ಆಂಟೆನಾ ಹಾಯಿಸಲೇಬಾರದು. ಪಿವಿಸಿ ಹೊದಿಕೆಯಿದೆಯಲ್ಲ ಎಂಬ ಧೈರ್ಯ ಬೇಡ. 11 ಸಾವಿರ ವೋಲ್ಟಿನ ಮುಂದೆ ಅದು ಕಾಗದಕ್ಕೆ ಸಮ. ಕಂಬ ಎತ್ತುವ ದಿನ ಮನೆಯ ಹಿರಿಯರು ಜೊತೆಗಿರಲಿ. ಇಬ್ಬರು ಬುಡ ಹಿಡಿಯಲಿ, ಮೂವರು ಮೂರು ದಿಕ್ಕಿನ ಹಗ್ಗ ಹಿಡಿಯಲಿ. ಒದ್ದೆ ತಾರಸಿಯ ಮೇಲೆ, ಗಾಳಿಯಿರುವಾಗ, ಕತ್ತಲಾಗುತ್ತಿರುವಾಗ ಈ ಕೆಲಸ ಬೇಡ. ಒಂದು ವಾರ ತಡವಾದರೆ ರೇಡಿಯೋ ಅಲೆಗಳೇನೂ ಮುನಿಸಿಕೊಳ್ಳುವುದಿಲ್ಲ.

ಎರಡನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ನಮ್ಮ ಕಡೆ ಗುಡುಗು ಎಷ್ಟು ಹಠಾತ್ತಾಗಿ ಬರುತ್ತದೆಂದು ನಿಮಗೆ ಗೊತ್ತು. ಕಬ್ಬಿಣದ ಕಂಬವಿದ್ದರೆ ದಪ್ಪ ತಂತಿಯಿಂದ ನೆಲದ ಅರ್ಥಿಂಗಿಗೆ ಸೇರಿಸಿ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿಯ ಅರ್ಥ್ ಆದೀತು. ಆದರೆ ನೇರ ಸಿಡಿಲಿಗೆ ಇದು ಪೂರ್ಣ ರಕ್ಷಣೆಯಲ್ಲ. ಕೇಳುವುದು ಮುಗಿದ ಕೂಡಲೆ ಕೇಬಲ್ಲನ್ನು ರೇಡಿಯೋದಿಂದ ಬಿಚ್ಚಿ ಅದರ ತುದಿಯನ್ನು ಕಿಟಕಿಯ ಹೊರಗಿಡುವ ಅಭ್ಯಾಸ ಮಾಡಿಕೊಳ್ಳಿ. ಮಳೆಗಾಲಕ್ಕೆ ಮುಂಚಿನ ಆ ಎರಡು ತಿಂಗಳಂತೂ ಊಟವಾದ ಮೇಲೆ ಕೈ ತೊಳೆದಷ್ಟೇ ತಪ್ಪದೆ. ಗುಡುಗು ಆಗಲೇ ಕೇಳಿಸುತ್ತಿದ್ದರೆ ಮಾತ್ರ ಬಿಚ್ಚಲು ಹೋಗದೆ ಅದರಿಂದ ದೂರವಿರಿ.

ಕಂಬ ನಿಂತಿತು, ಕೇಬಲ್ ಬಂತು. ಇನ್ನು ಶ್ರುತಿ ಮಾಡುವ ಕೆಲಸ. ಇದಕ್ಕೆ ಎಸ್‌ಡಬ್ಲ್ಯುಆರ್ ಮೀಟರ್ ಬೇಕು. ಈಚಿನ ವರ್ಷಗಳಲ್ಲಿ ಅಂಗೈಯಗಲದ ನ್ಯಾನೋ ವಿಎನ್‌ಎ ಎಂಬ ಉಪಕರಣ ಕಡಿಮೆ ಬೆಲೆಗೆ ಸಿಗುತ್ತಿದೆ, ಕಾಲೇಜಿನ ಗೆಳೆಯರು ಸೇರಿ ಒಂದನ್ನು ಕೊಳ್ಳಬಹುದು. ಯಾವ ಆವೃತ್ತಿಯಲ್ಲಿ ಅನುಪಾತ ಅತಿ ಕಡಿಮೆ ಬರುತ್ತದೋ ತಂತಿ ಅಲ್ಲಿಗೆ ಶ್ರುತಿಗೊಂಡಿದೆ ಎಂದರ್ಥ. ಅದು 6.9ರಲ್ಲಿ ಬಂತೆನ್ನಿ, ನಮಗೆ ಬೇಕಾದದ್ದು 7.1. ತಂತಿ ಉದ್ದವಾಗಿದೆ. ಈಗಿರುವ ಉದ್ದ 20.5 ಮೀಟರ್ ಆಗಿದ್ದರೆ ಅದನ್ನು 6.9ರಿಂದ ಗುಣಿಸಿ 7.1ರಿಂದ ಭಾಗಿಸಿ: 19.92. ಅಂದರೆ ಒಂದೊಂದು ಬದಿಗೆ 29 ಸೆಂಟಿಮೀಟರ್ ಕಡಿಮೆಯಾಗಬೇಕು. ಒಮ್ಮೆಗೇ ಕತ್ತರಿಸದೆ ಮೊದಲು ತುದಿಯನ್ನು ಹಿಂದಕ್ಕೆ ಮಡಚಿ ತಂತಿಯ ಮೇಲೇ ಸುತ್ತಿ ಅಳೆದು ನೋಡಿ. ಅನುಪಾತ ಒಂದೂವರೆಗೆ ಬಂದರೆ ಸಾಕು, ಅಲ್ಲಿಗೆ ನಿಲ್ಲಿಸಿ. ಅದನ್ನು ಒಂದಕ್ಕೇ ತರಬೇಕೆಂದು ಮಾಡಿನ ಮೇಲೆ ಹತ್ತು ಸಲ ಹತ್ತಿಳಿಯುವವರಿದ್ದಾರೆ. ಅದರಿಂದ ಕೇಳುವ ದನಿಯಲ್ಲಿ ಯಾವ ವ್ಯತ್ಯಾಸವೂ ತಿಳಿಯದು.

ರೇಡಿಯೋ ಹಾಕಿದ ಕೂಡಲೆ ಕೇಳಿಸುವುದು ಬಹುಶಃ ಬರೀ ಗರಗರ. ಮನೆಯ ಮೈನ್ ಸ್ವಿಚ್ ಆರಿಸಿ, ಬ್ಯಾಟರಿಯಲ್ಲಿ ರೇಡಿಯೋ ನಡೆಸಿ ನೋಡಿ. ಗದ್ದಲ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತ ಹೋದರೆ ಅಗ್ಗದ ಎಲ್‌ಇಡಿ ಬಲ್ಬೋ ಮೊಬೈಲ್ ಚಾರ್ಜರೋ ಇನ್ವರ್ಟರೋ ಸಿಕ್ಕಿಬೀಳುತ್ತದೆ. ಪ್ರಬಲ ಮಧ್ಯಮ ತರಂಗ ಪ್ರೇಷಕದ ಸಮೀಪ ವಾಸಿಸುವವರಿಗೆ ಇನ್ನೊಂದು ಬಗೆಯ ತೊಂದರೆಯುಂಟು: ಶಾರ್ಟ್‌ವೇವ್ ಡಯಲಿನ ಉದ್ದಕ್ಕೂ ಅದೇ ಕೇಂದ್ರದ ಹಾಡು ಇಣುಕುತ್ತಿರುತ್ತದೆ. ಅಷ್ಟು ದೊಡ್ಡ ದನಿ ಸಣ್ಣ ರೇಡಿಯೋದ ಮೊದಲ ಹಂತವನ್ನೇ ಮುಳುಗಿಸುವುದು ಇದಕ್ಕೆ ಕಾರಣ. ತಗ್ಗಿನ ಆವೃತ್ತಿಗಳನ್ನು ತಡೆಯುವ ಒಂದು ಶೋಧಕ ಮಂಡಲ, ಎಂದರೆ ನಾಲ್ಕಾರು ಕೆಪಾಸಿಟರು ಮತ್ತು ಕಾಯಿಲ್‌ಗಳು, ಇದನ್ನು ಪರಿಹರಿಸುತ್ತವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಕಿರು ಯೋಜನೆಗೆ ಒಳ್ಳೆಯ ವಿಷಯ.

ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತುಕೊಳ್ಳಿ. ಮಗ್ಗುಲಲ್ಲಿ ಒಂದು ನೋಟ್‌ಪುಸ್ತಕವಿರಲಿ: ದಿನಾಂಕ, ಸಮಯ, ಆವೃತ್ತಿ, ಕೇಳಿದ ಕೇಂದ್ರ ಅಥವಾ ಕರೆಗುರುತು, ದನಿಯ ಸ್ಪಷ್ಟತೆ. ‘ವಿಯು’ ಎಂದು ಶುರುವಾಗುವ ಕರೆಗುರುತು ಬಂದರೆ ನಮ್ಮ ದೇಶದವರು. ಎರಡು ವಾರ ಹೀಗೆ ಬರೆದು, ಬೆಳಗಿನ ಪುಟವನ್ನೂ ರಾತ್ರಿಯ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಳೆಗಾಲ ಮುಗಿದ ಮೇಲೆ, ದಸರಾ ರಜೆಯಲ್ಲಿ, ಒಮ್ಮೆ ತಾರಸಿಗೆ ಹತ್ತಿ ಹಗ್ಗದ ಗಂಟುಗಳನ್ನೂ ಡಬ್ಬಿಯ ಒಳಗನ್ನೂ ಪರೀಕ್ಷಿಸಿ. ಇರುವೆಗಳು ಗೂಡು ಕಟ್ಟಿರುತ್ತವೆ, ಮೆಲ್ಲಗೆ ಗುಡಿಸಿ ಮತ್ತೆ ಮುಚ್ಚಿ.